ರೋಲ್ 61, ಸಾಲು 14

2025ರ ಸಂಕ್ರಾಂತಿ ಕಳೆದು ನಾಲ್ಕನೇ ದಿನ. ಕೈಯಲ್ಲಿ ಕಾಫಿ ಲೋಟ ಇರುವಾಗಲೇ ಫೋನ್ ಬಂತು. ಗೊತ್ತಿಲ್ಲದ ನಂಬರ್.

"ಅಣ್ಣ, ನಾನು ಪಾಂಡವಪುರದ ಆಚೆ ಆಲೆಮನೆ ಗೌಡ್ರ ಮಗ. ನೆಪ್ಪಯ್ತಾ? ಅಪ್ಪ ಹೋಗ್ಬುಟ್ರು ಕಣಣ್ಣ, ಮೊನ್ನೆ ರಾತ್ರಿ."

ನೆನಪಿಲ್ಲದೆ ಏನು. ಅವರ ಆಲೆಮನೆಗೆ ನಾನು ಎರಡು ಸಲ ಹೋಗಿದ್ದೆ. 1997ರಲ್ಲಿ ಒಮ್ಮೆ, 2011ರಲ್ಲಿ ಒಮ್ಮೆ. ಎರಡೂ ಸಲ ಗೌಡ್ರ ಫೋಟೊ ತೆಗೆದಿದ್ದೆ, ಎರಡೂ ಸಲ ಅವರು ಬಿಸಿ ಬೆಲ್ಲವನ್ನು ಮುತ್ತುಗದ ಎಲೆಯಲ್ಲಿ ಹಾಕಿ ಕೊಟ್ಟಿದ್ದರು.

"ಎರಡ್ನೇ ಸಲ ಬಂದಾಗ ತೆಗ್ದ್ರಲ್ಲ, ನಗ್ತಾ ಕುಂತವ್ರಲ್ಲ, ಕಲರ್‌ದು. ಅದು ಕಳ್ಸಣ್ಣ. ಹನ್ನೊಂದ್ನೇ ದಿನಕ್ಕೆ ಫ್ಲೆಕ್ಸ್ ಮಾಡಿಸ್ಬೇಕು. ಆಧಾರ್ ಕಾರ್ಡ್ ಬಿಟ್ರೆ ನಮ್ಮತ್ರ ಒಂದು ಫೋಟೊನೂ ಇಲ್ಲ."

1997ರ ಫೋಟೊವನ್ನು ಪ್ರಿಂಟ್ ಹಾಕಿ ಕೊಟ್ಟಿದ್ದೆ. ಅದು ಒಂದು ಮಳೆಗಾಲದಲ್ಲಿ ಗೋಡೆ ಸೋರಿ, ಗಾಜಿಗೆ ಅಂಟಿಕೊಂಡು ಹಾಳಾಗಿತ್ತಂತೆ. 2011ರದ್ದನ್ನು ಕಳಿಸ್ತೀನಿ ಅಂದಿದ್ದೆ. ಕಳಿಸಿರಲಿಲ್ಲ. ಹದಿನಾಲ್ಕು ವರ್ಷ.

"ಸಂಜೆಯೊಳಗೆ ಕಳಿಸ್ತೀನಪ್ಪ" ಅಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ.

ನನ್ನ ಸಾಮಾನೆಲ್ಲ ಇರುವುದು ಅಮ್ಮನ ಹಳೇ ಕಬ್ಬಿಣದ ಬೀರುವಿನಲ್ಲಿ. ಮೊದಲು ಅದರಲ್ಲಿ ರೇಷ್ಮೆ ಸೀರೆ ಇರುತ್ತಿದ್ದವು, ನುಸಿಗುಳಿಗೆ ವಾಸನೆ ಈಗಲೂ ಹೋಗಿಲ್ಲ. ಮೇಲಿನ ಅರೆಯಲ್ಲಿ ಈಗ ಬಳಸುವ ಕ್ಯಾಮೆರಾ, ಕೆಳಗಿನ ಅರೆಯಲ್ಲಿ ನಿವೃತ್ತಿಯಾದವು. ಒಟ್ಟು ನಾಲ್ಕು. ಮೈಸೂರಿನವನಾದ್ದರಿಂದ ನಾನು ಇವುಗಳ ಕಾಲವನ್ನು ಇಸವಿಗಿಂತ ಆನೆಗಳ ಮೇಲೆ ಲೆಕ್ಕ ಹಾಕುತ್ತೇನೆ. ಝೆನಿಟ್‌ನಲ್ಲಿ ಅಂಬಾರಿ ಹೊತ್ತವನು ದ್ರೋಣ. ನಿಕಾನ್ ಎಫ್‌ಎಂ10ರಲ್ಲಿ ದ್ರೋಣನೂ ಇದ್ದಾನೆ, ಬಲರಾಮನೂ ಇದ್ದಾನೆ. ಡಿಜಿಟಲ್ ಡಿ90ಯಲ್ಲಿ ಬಲರಾಮನ ಕೊನೆಯ ವರ್ಷಗಳು, ಆಮೇಲೆ 2012ರಿಂದ 2019ರವರೆಗೆ ಎಂಟು ದಸರಾ ಅರ್ಜುನ. ಈಗಿನ ಝಡ್50ಯಲ್ಲಿ ಅಭಿಮನ್ಯು. ಅವನು ಮೊದಲ ಸಲ ಅಂಬಾರಿ ಹೊತ್ತದ್ದು 2020ರಲ್ಲಿ. ಆ ವರ್ಷ ಕೊರೊನಾದಿಂದ ಜಂಬೂಸವಾರಿ ಅರಮನೆ ಅಂಗಳ ದಾಟಲಿಲ್ಲ. ನಾನು ಟಿವಿಯಲ್ಲೇ ನೋಡಿದೆ, ಕ್ಯಾಮೆರಾ ಬೀರುವಿನಲ್ಲೇ ಇತ್ತು. 750 ಕೆಜಿ ಅಂಬಾರಿ ಮಾತ್ರ ಎಲ್ಲ ಕ್ಯಾಮೆರಾದಲ್ಲೂ ಒಂದೇ.

ಝೆನಿಟ್-ಇ ನನ್ನ ಸೋದರಮಾವನದು. ಮಾಸ್ಕೋ ಪಕ್ಕದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯ ಮಾಲು. ಲೆನ್ಸ್ ಸೇರಿ ಹತ್ತಿರ ಹತ್ತಿರ ಒಂದು ಕೆಜಿ ತೂಕ. ಅದರಲ್ಲಿ ತೆಂಗಿನಕಾಯಿ ಒಡೆದರೂ ಕ್ಯಾಮೆರಾಗೆ ಏನೂ ಆಗಲ್ಲ ಅಂತ ಮಾವ ಹೇಳುತ್ತಿದ್ದರು. ಲೆನ್ಸಿನ ಮೇಲೆ ಜೇನುಗೂಡಿನ ಹಾಗೆ ಉಬ್ಬುಬ್ಬಾದ ಗಾಜಿನ ಪಟ್ಟಿ ಇದೆ. ಅದರ ಹಿಂದೆ ಸೆಲೆನಿಯಂ. ಬೆಳಕು ಬಿದ್ದರೆ ತಾನೇ ಕರೆಂಟ್ ಹುಟ್ಟಿಸಿ ಬೆಳಕಿನ ಅಳತೆಯ ಮುಳ್ಳು ಅಲ್ಲಾಡಿಸುತ್ತದೆ, ಬ್ಯಾಟರಿ ಬೇಡ. ಶಟರ್ ವೇಗ ಐದೇ: 30, 60, 125, 250, 500, ಅಂದರೆ ಸೆಕೆಂಡಿನ ಅಷ್ಟನೇ ಒಂದು ಭಾಗ. ಅದಕ್ಕಿಂತ ನಿಧಾನ ಬೇಕೆಂದರೆ ಬಟನ್ ಒತ್ತಿ ಹಿಡಿದು ನೀವೇ ಎಣಿಸಬೇಕು. ಲೆನ್ಸ್ ಹೀಲಿಯೋಸ್ 44-2, 58 ಮಿಲಿಮೀಟರ್. ಅಪರ್ಚರ್, ಅಂದರೆ ಬೆಳಕು ಬರುವ ಲೆನ್ಸಿನ ಕಂಡಿ, ಪೂರ್ತಿ ತೆರೆದು ಫೋಕಸ್ ಮಾಡಬೇಕು, ಕ್ಲಿಕ್ ಮಾಡುವ ಮುಂಚೆ ರಿಂಗ್ ತಿರುಗಿಸಿ ಮುಚ್ಚಬೇಕು. ಮುಚ್ಚುವುದು ಮರೆತರೆ ಫೋಟೊ ಬೆಳ್ಳಗೆ. ನಾನು ಎಷ್ಟು ಸಲ ಮರೆತಿದ್ದೇನೆ ಅಂತ ಕೇಳಬೇಡಿ.

1993ರಲ್ಲಿ ಅತ್ತೆ ಮಗಳ ಮದುವೆ, ಮಂಡ್ಯದ ಒಂದು ಛತ್ರದಲ್ಲಿ. ಸ್ಟುಡಿಯೊದವರು ಬಂದಿದ್ದರು. ನಾನು ಸುಮ್ನೆ ಪಕ್ಕದಲ್ಲಿ ನಿಂತು ಕೈ ಪಳಗಿಸಿಕೊಳ್ಳೋಣ ಅಂತ. ಫ್ಲ್ಯಾಶ್ ಎರವಲು ತಂದಿದ್ದೆ. ಅದರ ವೈರನ್ನು ಕ್ಯಾಮೆರಾದ ತೂತಿಗೆ ಸಿಕ್ಕಿಸಬೇಕು. ಸ್ಟುಡಿಯೊದವರು ನನ್ನ ಪರದಾಟ ನೋಡಿ ಕನಿಕರದಿಂದ ಹೇಳಿದರು: "ಫ್ಲ್ಯಾಶ್ ಹಾಕ್ದಾಗ ಅರವತ್ತಕ್ಕೆ ಇಟ್ಕೊಳಪ್ಪ, ಕಣ್ಮುಚ್ಚಿಕೊಂಡು ಹೊಡಿ."

ಹೊಡೆದೆ. ಒಂದು ರೀಲು ಪೂರ್ತಿ.

ಹತ್ತು ದಿನದ ಮೇಲೆ ರೀಲು ತೊಳೆಸಿ, ಪ್ರಿಂಟ್ ಹಾಕಿಸಿಕೊಂಡು ಬಂದೆ. ಮನೆಯವರೆಲ್ಲ ಸುತ್ತ ಕೂತರು. ಮೊದಲ ಫೋಟೊದಲ್ಲಿ ಮದುಮಗ ಇದ್ದಾನೆ, ಮದುಮಗಳು ಇಲ್ಲ. ಅವಳಿರಬೇಕಾದ ಕಡೆ ಕಪ್ಪು. ಎರಡನೆಯದರಲ್ಲೂ ಹಾಗೇ. ಧಾರೆಯ ಫೋಟೊದಲ್ಲಿ ಹುಡುಗ ಕತ್ತಲೆಗೆ ಕೈ ಚಾಚಿಕೊಂಡು ನಿಂತಿದ್ದಾನೆ. ಅತ್ತೆ ಒಂದೊಂದನ್ನೇ ನಿಧಾನವಾಗಿ ನೋಡಿ, ಕೊನೆಗೆ ಕೇಳಿದರು: "ಏನಪ್ಪಾ, ಮದುವೆಗೆ ನಮ್ ಹುಡುಗೀನ ಕರ್ದಿರ್ಲಿಲ್ವಾ?"

ಆಗಿದ್ದು ಇಷ್ಟೇ. ಶಟರ್ ಅಂದರೆ ಒಂದರ ಹಿಂದೆ ಒಂದು ಓಡುವ ಎರಡು ಬಟ್ಟೆಯ ಪರದೆ. ಮೊದಲನೆಯದು ಸರಿದು ಕಿಟಕಿ ತೆರೆಯುತ್ತದೆ, ಎರಡನೆಯದು ಬಂದು ಮುಚ್ಚುತ್ತದೆ. ಫ್ಲ್ಯಾಶ್ ಮಿಂಚುವ ಹೊತ್ತಿಗೆ ಇಡೀ ಕಿಟಕಿ ತೆರೆದಿರಬೇಕು. ಸ್ಟುಡಿಯೊದವರ ಕ್ಯಾಮೆರಾದಲ್ಲಿ ಸೆಕೆಂಡಿನ ಅರವತ್ತನೇ ಒಂದು ಭಾಗದಲ್ಲಿ ಅದು ಆಗುತ್ತಿತ್ತು. ಝೆನಿಟ್‌ನ ಪರದೆ ಸೋಮಾರಿ, ಮೂವತ್ತರಲ್ಲಿ ಮಾತ್ರ ಪೂರ್ತಿ ತೆರೆಯುತ್ತದೆ. ಅರವತ್ತಕ್ಕೆ ಇಟ್ಟರೆ ಫ್ಲ್ಯಾಶ್ ಮಿಂಚುವಾಗ ಎರಡನೇ ಪರದೆ ಆಗಲೇ ಅರ್ಧ ದಾರಿಯಲ್ಲಿರುತ್ತದೆ. ಅವರು ಹೇಳಿದ್ದು ತಪ್ಪಲ್ಲ, ಅವರ ಕ್ಯಾಮೆರಾಗೆ ಸರಿ.

ಆವತ್ತು ಮಾವ ಬೈಯಲಿಲ್ಲ. ನೂರು ಪುಟದ ರೂಲ್ ಹಾಕಿದ ಒಂದು ನೋಟ್‌ಬುಕ್ ತಂದುಕೊಟ್ಟು, "ಪ್ರತಿ ಸಲ ಏನು ಮಾಡ್ದೆ ಅಂತ ಬರಿ. ತಪ್ಪು ಮಾಡು ಪರವಾಗಿಲ್ಲ, ಯಾವ ತಪ್ಪು ಅಂತ ಗೊತ್ತಿರ್ಲಿ" ಅಂದರು.

ಆ ಪುಸ್ತಕ ಈಗಲೂ ಇದೆ. ಒಂದಲ್ಲ, ಐದು. ಒಂದು ರೀಲಿಗೆ ಎರಡು ಪುಟ. ರೋಲ್ ನಂಬರ್, ಫೋಟೊ ನಂಬರ್, ವೇಗ, ಅಪರ್ಚರ್, ಜಾಗ, ಕೊನೆಗೆ ಒಂದೋ ಎರಡೋ ಮಾತು. ಆ ಕೊನೆಯ ಮಾತುಗಳನ್ನು ಈಗ ಓದಿದರೆ ಮಜಾ ಬರುತ್ತದೆ. "ರೋಲ್ 9, 22: ದೇವರಾಜ ಮಾರ್ಕೆಟ್, ಬಾಳೆಎಲೆ ಅಂಗಡಿ, 1/30, 2.8, ಕೈ ನಡುಗಿತು." "ರೋಲ್ 33, 5: ಕುಕ್ಕರಹಳ್ಳಿ ಕೆರೆ, ಮಂಜಲ್ಲ, ಯಾರೋ ಎಲೆಗೆ ಬೆಂಕಿ ಹಾಕಿದ ಹೊಗೆ." "ರೋಲ್ 38, 30: ಅಜ್ಜಿ ಬೈದಳು."

1996ರಲ್ಲಿ ಕೆಲಸ ಸಿಕ್ಕಿದ ಮೇಲೆ ನಿಕಾನ್ ಎಫ್‌ಎಂ10 ತಗೊಂಡೆ. ಎರಡು ತಿಂಗಳ ಸಂಬಳ ಹೋಯಿತು. ಅಂಗಡಿಯಲ್ಲಿ ಮೊದಲು ಕೇಳಿದ ಪ್ರಶ್ನೆ, "ಫ್ಲ್ಯಾಶ್ ಎಷ್ಟಕ್ಕೆ?" 125ಕ್ಕೆ ಅಂದರು. ಜೇಬಿಗೆ ಕೈ ಹಾಕಿದೆ. ಅದರ ಮೇಲೆ ನಿಕಾನ್ ಅಂತ ಬರೆದಿದ್ದರೂ ಮಾಡಿದ್ದು ಕೊಸೀನಾ ಅನ್ನುವ ಇನ್ನೊಂದು ಜಪಾನಿ ಕಂಪನಿ. ಗೊತ್ತಿದ್ದವರು "ಇದು ನಿಜವಾದ ನಿಕಾನ್ ಅಲ್ಲ" ಅಂತ ಮೂಗು ಮುರಿಯುತ್ತಿದ್ದರು. ಇರಲಿ ಬಿಡಿ, ಹೆತ್ತವಳು ಯಾರಾದರೇನು, ಸಾಕಿದವನು ನಾನು. ಗುಂಡಿಯಷ್ಟು ದೊಡ್ಡ ಎರಡು ಸೆಲ್ ಬೆಳಕು ಅಳೆಯುವುದಕ್ಕೆ ಮಾತ್ರ. ಸೆಲ್ ಸತ್ತರೂ ಶಟರ್ ಓಡುತ್ತದೆ. ಈಗಲೂ ಓಡುತ್ತದೆ. ಈ ಬರಹ ಬರೆಯುವ ಮುಂಚೆ ಒಂದು ಸಲ ಒತ್ತಿ ನೋಡಿದೆ.

ಕಲರ್ ರೀಲನ್ನು ಲ್ಯಾಬಿಗೇ ಕೊಡಬೇಕಿತ್ತು. ಅದರ ಡೆವಲಪರ್, ಅಂದರೆ ಚಿತ್ರ ಮೂಡಿಸುವ ರಸಾಯನ, 37.8 ಡಿಗ್ರಿಯಲ್ಲಿರಬೇಕು, ಅರ್ಧ ಡಿಗ್ರಿ ಆಚೀಚೆ ಆದರೂ ಬಣ್ಣ ಕೆಡುತ್ತದೆ. ಬಿಳಿ-ಕಪ್ಪು ಮನೆಯಲ್ಲೇ ಆಗುತ್ತಿತ್ತು. ಅಗ್ರಹಾರದ ವಠಾರದಲ್ಲಿ ನಮ್ಮದು ಎರಡು ಕೋಣೆಯ ಮನೆ. ರಾತ್ರಿ ಊಟ ಆದಮೇಲೆ ಬಚ್ಚಲುಮನೆ ನನ್ನದು. ಬಾಗಿಲ ಸಂದಿಗೆ ಹಳೇ ಪಂಚೆ ತುರುಕಿ, ಕತ್ತಲೆಯಲ್ಲಿ ರೀಲನ್ನು ಡಬ್ಬಿಯೊಳಗಿನ ಸುರುಳಿಗೆ ಏರಿಸಬೇಕು. ಬೆರಳಿಗೇ ಕಣ್ಣು ಬಂದಂತೆ. ಅಂಚು ಸಿಕ್ಕಿಕೊಂಡರೆ ಬೆವರು. ಡೆವಲಪರ್‌ಗೆ 20 ಡಿಗ್ರಿ ನೀರು ಬೇಕು. ಏಪ್ರಿಲ್‌ನಲ್ಲಿ ಮೈಸೂರಿನ ನಲ್ಲಿಯಲ್ಲಿ 20 ಡಿಗ್ರಿ ನೀರು ಎಲ್ಲಿಂದ ಬರಬೇಕು? ಓನರ್ ಮನೆಯ ಫ್ರಿಜ್ಜಿನಿಂದ ಐಸ್ ಕೇಳಿ ತಂದು, ಬಕೆಟ್ಟಿನಲ್ಲಿ ತೇಲಿಸಿ, ಅದರಲ್ಲಿ ಬಾಟಲಿ ನಿಲ್ಲಿಸುತ್ತಿದ್ದೆ. ಐಸ್ ಕೊಡುವಾಗಲೆಲ್ಲ ಆ ಅಮ್ಮ, "ಯಾರಿಗೋ ಜ್ವರ?" ಅಂತ ಕೇಳುತ್ತಿದ್ದರು. ಏಳೆಂಟು ವರ್ಷ ಕೇಳಿದರು.

ಆಮೇಲೆ ಮೂಡಿದ ಚಿತ್ರವನ್ನು ಕೆಡದಂತೆ ನಿಲ್ಲಿಸುವ ಹೈಪೊ. ಅದರ ವಾಸನೆ ಬೆರಳಿಗೆ ಹತ್ತಿದರೆ ಮಾರನೇ ದಿನ ಮಧ್ಯಾಹ್ನದ ಮೊಸರನ್ನದಲ್ಲೂ ಬರುತ್ತದೆ. ಕೊನೆಗೆ ಅರ್ಧ ಗಂಟೆ ಹರಿಯುವ ನೀರಿನಲ್ಲಿ ತೊಳೆಯಬೇಕು. ಕಾವೇರಿ ನೀರು ಬರುವ ಟೈಮ್ ನೋಡಿಕೊಂಡೇ ರೀಲು ತೊಳೆಯುತ್ತಿದ್ದೆ. ತೊಳೆದದ್ದನ್ನು ಬಟ್ಟೆ ಕ್ಲಿಪ್ ಹಾಕಿ, ತುದಿಗೆ ಚಮಚ ಕಟ್ಟಿ, ಬಚ್ಚಲಿನ ತಂತಿಗೆ ನೇತುಹಾಕುವುದು. ರೀಲಿನ ಮೇಲಿನ ಒದ್ದೆ ಜೆಲಟಿನ್ ಅಂದರೆ ಅಂಟು. ಒಂದು ರಾತ್ರಿ ಸೊಳ್ಳೆಯೊಂದು ಬಂದು ಕೂತಿತು, ಏಳಲೇ ಇಲ್ಲ. ರೋಲ್ 40ರ 8ನೇ ಫೋಟೊದಲ್ಲಿ ಚಾಮುಂಡಿ ಬೆಟ್ಟದ ಮೇಲೆ ಬೆಟ್ಟದಷ್ಟೇ ದೊಡ್ಡದೊಂದು ಸೊಳ್ಳೆ ಹಾರುತ್ತಿದೆ.

ಆಗ ನಾನು ಬಳಸುತ್ತಿದ್ದ ರೀಲಿನಲ್ಲಿ ಅರ್ಧಕ್ಕರ್ಧ 'ಇಂದು'. ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನದು. ಕೇಂದ್ರ ಸರ್ಕಾರ 1960ರಲ್ಲಿ ಊಟಿಯಲ್ಲಿ ಶುರುಮಾಡಿದ ಕಂಪನಿ. ಗುಂಡ್ಲುಪೇಟೆ, ಬಂಡೀಪುರ ದಾಟಿ ಘಾಟಿ ಹತ್ತಿದರೆ ಬರುವ ಊರಿನಲ್ಲಿ ನಾವು ಬಳಸುವ ರೀಲು ತಯಾರಾಗುತ್ತದೆ ಅನ್ನೋದೇ ಒಂಥರಾ ಖುಷಿ. ಅದಕ್ಕೆ ದುಡ್ಡು ಸಾಲದಾದಾಗ ನಾಲ್ಕು ಜನ ಸೇರಿ ನೂರಡಿ ಫಿಲ್ಮಿನ ಡಬ್ಬಿ ತರುತ್ತಿದ್ದೆವು. ಕತ್ತಲೆಯಲ್ಲಿ ಅಳೆದು ಕತ್ತರಿಸಿ ಹಳೇ ಕ್ಯಾಸೆಟ್ಟಿಗೆ ತುಂಬಿದರೆ ಹದಿನೆಂಟು ರೀಲು ಸಿಗುತ್ತಿತ್ತು. ಊಟಿಯ ಆ ಕಾರ್ಖಾನೆ ಈಗ ಮುಚ್ಚಿದೆ. ಖಾಲಿ ಡಬ್ಬಿಗಳಲ್ಲಿ ಅಮ್ಮ ಅರಿಸಿನ, ಕುಂಕುಮ ಹಾಕಿಟ್ಟಿದ್ದರು. ಅವು ಇನ್ನೂ ದೇವರ ಮನೆಯಲ್ಲಿವೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. "ಫಿಲ್ಮ್ ಕಾಲದಲ್ಲಿ ನಾವು ಯೋಚನೆ ಮಾಡಿ ಕ್ಲಿಕ್ ಮಾಡ್ತಿದ್ವಿ" ಅಂತ ನನ್ನ ವಯಸ್ಸಿನವರು ಹುಡುಗರಿಗೆ ಭಾಷಣ ಮಾಡುವುದನ್ನು ಕೇಳಿದ್ದೇನೆ. ನಾನೂ ಮಾಡಿದ್ದೇನೆ. ಅದು ಅರ್ಧ ಸುಳ್ಳು. ದುಡ್ಡಿಲ್ಲ ಅಂತ ಕ್ಲಿಕ್ ಮಾಡ್ತಿರಲಿಲ್ಲ, ಅಷ್ಟೇ. ತೆಗೆಯದೆ ಬಿಟ್ಟ ಫೋಟೊಗಳು ನನಗೆ ತೆಗೆದವುಗಳಿಗಿಂತ ಚೆನ್ನಾಗಿ ನೆನಪಿವೆ. ಮೇಲುಕೋಟೆಯ ವೈರಮುಡಿ ರಾತ್ರಿ, ಕೊನೇ ರೀಲಿನ ಕೊನೇ ಎರಡು ಫೋಟೊ ಉಳಿಸಿಕೊಂಡು ಬೆಳಗಿನವರೆಗೆ ಕಾದು, ಆ ಎರಡನ್ನೂ ತೆಗೆಯದೆ ವಾಪಸ್ ಬಂದಿದ್ದೇನೆ. ಅದರಲ್ಲಿ ಯೋಚನೆ ಏನು ಬಂತು, ಜಿಪುಣತನ.

ಅರಮನೆ ದೀಪದ ಕಥೆಯೂ ಹಾಗೇ. ಭಾನುವಾರ ಸಂಜೆ ಏಳಕ್ಕೆ ಸುಮಾರು 97 ಸಾವಿರ ಬಲ್ಬು ಒಟ್ಟಿಗೆ ಹತ್ತುತ್ತವೆ. ಎಷ್ಟು ಸಲ ನೋಡಿದವರೂ ಆ ಕ್ಷಣ 'ಹೋ' ಅಂತಾರೆ. ಫಿಲ್ಮಿಗೆ ಒಂದು ಚಾಳಿ ಇದೆ. ಬೆಳಕು ತೀರಾ ಕಡಿಮೆಯಾಗಿ ಕ್ಷಣಗಟ್ಟಲೆ ತೆರೆದಿಟ್ಟರೆ ಅದಕ್ಕೆ ಸುಸ್ತಾಗುತ್ತದೆ. ಲೆಕ್ಕದ ಪ್ರಕಾರ ನಾಲ್ಕು ಸೆಕೆಂಡು ಸಾಕು ಅಂದರೂ ಜಾಸ್ತಿ ಕೇಳುತ್ತದೆ. ಎಷ್ಟು ಜಾಸ್ತಿ? ಪ್ರಯೋಗ ಮಾಡಿಯೇ ನೋಡಬೇಕು. ಮೊದಲ ಭಾನುವಾರ ಹೋಗಿ ಎರಡು, ನಾಲ್ಕು, ಎಂಟು ಸೆಕೆಂಡು ಅಂತ ತೆಗೆದು ಬರೆದುಕೊಂಡೆ. ರೀಲು ಮುಗಿದು, ತೊಳೆದು ನೋಡಿದರೆ ಕಮಾನು ಬಂದಿದೆ, ಗೋಪುರ ಕತ್ತಲೆ. ಮತ್ತೊಂದು ಭಾನುವಾರ. ಆವತ್ತು ಯಾರೋ ಟ್ರೈಪಾಡ್ ಎಡವಿದರು. ಮೂರನೆಯದಕ್ಕೆ ಬಂತು. ಒಂದು ಫೋಟೊಗೆ ಹತ್ತಿರ ಎರಡು ತಿಂಗಳು.

2009ರಲ್ಲಿ ಡಿ90 ತಗೊಂಡ ಮೊದಲ ಭಾನುವಾರ ಅದೇ ಜಾಗಕ್ಕೆ ಹೋದೆ. ಮೂರು ನಿಮಿಷ. ಹಿಂದಿನ ಪರದೆಯಲ್ಲಿ ಗೋಪುರ, ಕಮಾನು, ಕೆಳಗೆ ಚುರುಮುರಿ ತಿನ್ನುತ್ತಿದ್ದ ಮಗು, ಎಲ್ಲ ಇತ್ತು. ಇದನ್ನು ಬೇಡ ಅನ್ನುವವನು ಹಟಕ್ಕೆ ಹೇಳುತ್ತಿದ್ದಾನೆ ಅಷ್ಟೇ.

ನಾನೇ ಹಟ ಮಾಡಿದವನು. ಅಷ್ಟು ಹೊತ್ತಿಗೆ ಊರಿನ ಮದುವೆ ಫೋಟೊದವರೆಲ್ಲ ಡಿಜಿಟಲ್ ಆಗಿದ್ದರು. 2006ರ ಜನವರಿಯಲ್ಲಿ ನಿಕಾನ್ ಹೆಚ್ಚುಕಡಿಮೆ ಎಲ್ಲ ಫಿಲ್ಮ್ ಕ್ಯಾಮೆರಾಗಳನ್ನೂ ನಿಲ್ಲಿಸಿತು. ಉಳಿಸಿಕೊಂಡದ್ದು ಎರಡೇ: ಎಲ್ಲಕ್ಕಿಂತ ದುಬಾರಿಯ ಎಫ್6, ಎಲ್ಲಕ್ಕಿಂತ ಅಗ್ಗದ ಎಫ್‌ಎಂ10. ನನ್ನ 'ನಿಜವಾದ ನಿಕಾನ್ ಅಲ್ಲದ' ಕ್ಯಾಮೆರಾ ಉಳಿದುಕೊಂಡದ್ದಕ್ಕೆ ಒಂದು ವಾರ ಬೀಗಿದೆ. ಆದರೆ ರೀಲು ಸಿಗುವುದು ಕಡಿಮೆಯಾಯಿತು, ತೊಳೆಯುವ ಲ್ಯಾಬು ಒಂದೊಂದೇ ಬಾಗಿಲು ಹಾಕಿದವು. 2012ರ ಜನವರಿಯಲ್ಲಿ ಕೊಡಕ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ವಿಚಿತ್ರ ಅಂದರೆ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ದೂ ಅವರೇ. 1975ರಲ್ಲಿ ಅವರ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಪೆಟ್ಟಿಗೆ, ಅಡ್ಡ ನೂರು, ಉದ್ದ ನೂರು ಚುಕ್ಕಿಯ ಒಂದು ಚಿತ್ರವನ್ನು ಟೇಪ್ ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು ತಗೊಳ್ಳುತ್ತಿತ್ತು.

ಡಿ90 ಒಳ್ಳೆಯ ಕ್ಯಾಮೆರಾ. 12.3 ಮೆಗಾಪಿಕ್ಸೆಲ್. ವಿಡಿಯೊ ತೆಗೆಯುವ ಮೊದಲ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾ) ಅದೇ. ನನಗೆ ವಿಡಿಯೊ ಬೇಕಿರಲಿಲ್ಲ. ಎಫ್‌ಎಂ10ರ ಲೆನ್ಸು ಅದರ ಮೂತಿಗೆ ಸರಿಯಾಗಿ ಕೂತಿತು, ಆದರೆ ಬೆಳಕಿನ ಅಳತೆ ಕೊಡುವುದಿಲ್ಲ ಅಂತ ಕ್ಯಾಮೆರಾ ಹಟ ಹಿಡಿಯಿತು. ಅಂದಾಜಿನಲ್ಲೇ ಇಡಬೇಕು. ಪರವಾಗಿಲ್ಲ, ಅಭ್ಯಾಸವಿತ್ತು. ಝೆನಿಟ್‌ನ ಹೀಲಿಯೋಸ್ ಮಾತ್ರ ಒಗ್ಗಲಿಲ್ಲ. ಅದರ ತಿರುಪು ಬೇರೆ. ರಿಂಗ್ ಹಾಕಿ ಕೂರಿಸಿದರೂ, ಫಿಲ್ಮಿನ ಜಾಗದಲ್ಲಿರುವ ಸೆನ್ಸರಿನಿಂದ ಒಂದು ಮಿಲಿಮೀಟರಿನಷ್ಟು ದೂರ ಜಾಸ್ತಿಯಾಗಿ, ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕು. ನನ್ನ ಕಣ್ಣಿಗೂ ಈಗ ಆಗಿರುವುದು ಅದರ ಉಲ್ಟಾ.

ಸೆಕೆಂಡಿಗೆ ನಾಲ್ಕೂವರೆ ಫೋಟೊ ತೆಗೆಯುತ್ತದೆ ಅಂತ ಗೊತ್ತಾದ ಮೇಲೆ ನಾನು ಹಕ್ಕಿ ಹಿಂದೆ ಬಿದ್ದೆ. ರಂಗನತಿಟ್ಟು ಎಷ್ಟು ದೂರ? ಶ್ರೀರಂಗಪಟ್ಟಣದ ಪಕ್ಕ, ಸ್ಕೂಟರಿನಲ್ಲಿ ಅರ್ಧ ಗಂಟೆ. ಸಲೀಂ ಅಲಿ ಹೇಳಿದ್ದಕ್ಕೆ ಮೈಸೂರು ಮಹಾರಾಜರು 1940ರಲ್ಲಿ ಪಕ್ಷಿಧಾಮ ಮಾಡಿದ ಜಾಗ. ದೋಣಿಯಲ್ಲಿ ಒಂದು ಸುತ್ತು ಬಂದರೆ ನಾನೂರು ಫೋಟೊ. ಬಣ್ಣದ ಕೊಕ್ಕರೆ ರೆಕ್ಕೆ ಎತ್ತಿದಾಗ ಹತ್ತು, ಇಳಿಸಿದಾಗ ಹತ್ತು. ಕೊಕ್ಕರೆಬೆಳ್ಳೂರಿಗೆ ಹೋದರೆ ಹುಣಸೆಮರದ ಹೆಜ್ಜಾರ್ಲೆ ಇನ್ನೊಂದಿಷ್ಟು. ಮೊದಲೆರಡು ವರ್ಷ ಇವುಗಳಿಗೂ ಪುಸ್ತಕ ಬರೆದೆ. ಆಮೇಲೆ ಬಿಟ್ಟೆ. ವೇಗ, ಅಪರ್ಚರ್, ತಾರೀಖು, ಟೈಮು, ಎಲ್ಲವನ್ನೂ ಕ್ಯಾಮೆರಾನೇ ಫೈಲಿನೊಳಗೆ ಬರೆದುಕೊಳ್ಳುತ್ತದಲ್ಲ, ನಾನ್ಯಾಕೆ ಬರೆಯಬೇಕು ಅಂತ.

ಫೋನ್ ಬಂದ ಆ ದಿನಕ್ಕೆ ಬರುತ್ತೇನೆ. ಐದನೇ ಪುಸ್ತಕ ತೆಗೆದೆ. ಅದೃಷ್ಟ, 2011ರ ಫೆಬ್ರವರಿ ಇನ್ನೂ ಬರೆಯುತ್ತಿದ್ದ ಕಾಲ. "ಡಿಎಸ್‌ಸಿ 4127: ಆಲೆಮನೆ ಗೌಡ್ರು, ನಗು, ಚೆನ್ನಾಗಿದೆ, ಕಳಿಸಬೇಕು." ಕಳಿಸಬೇಕು ಅನ್ನುವುದರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ.

ಹಾರ್ಡ್ ಡಿಸ್ಕ್ ಹಾಕಿ ಆ ನಂಬರ್ ಹುಡುಕಿದೆ. ಒಂದೇ ನಿಮಿಷದಲ್ಲಿ ಸಿಕ್ಕಿತು. ತೆರೆದೆ.

ಬಣ್ಣದ ಕೊಕ್ಕರೆ. ರಂಗನತಿಟ್ಟಿನ ಬಂಡೆಯ ಮೇಲೆ ಒಂಟಿಕಾಲಲ್ಲಿ ನಿಂತಿದೆ. ತಾರೀಖು 2013.

4126 ನೋಡಿದೆ. ಅದೇ ಕೊಕ್ಕರೆ. 4128, ಅದೇ ಕೊಕ್ಕರೆ, ತಲೆ ಈ ಕಡೆ.

ಅರ್ಥವಾಗಲು ಹತ್ತು ನಿಮಿಷ ಬೇಕಾಯಿತು. ಕ್ಯಾಮೆರಾ 9999ರವರೆಗೆ ಎಣಿಸುತ್ತದೆ. ಆಮೇಲೆ ಮತ್ತೆ 0001. ಹಕ್ಕಿ ಹುಚ್ಚಿನಲ್ಲಿ ನಾನು ಎರಡೇ ವರ್ಷದಲ್ಲಿ ಹತ್ತು ಸಾವಿರ ದಾಟಿ ಮತ್ತೆ 4127ಕ್ಕೆ ಬಂದಿದ್ದೆ. 2013ರಲ್ಲಿ ಹಳೇ ಕಂಪ್ಯೂಟರ್ ತೆಗೆಯುವಾಗ ಎಲ್ಲ ಫೋಟೊಗಳನ್ನೂ ಒಂದೇ ಫೋಲ್ಡರಿಗೆ ಸುರಿದೆ. ಅದು ಪಾಪ ಕೇಳಿತು: ಇದೇ ಹೆಸರಿನ ಫೈಲ್ ಆಗಲೇ ಇದೆ, ಅದರ ಜಾಗದಲ್ಲಿ ಇದನ್ನು ಇಡಲೇ? ರಾತ್ರಿ ಹನ್ನೊಂದಾಗಿತ್ತು. ಎಲ್ಲದಕ್ಕೂ ಹೂಂ ಅನ್ನುವ ಬಟನ್ ಒತ್ತಿ ಮಲಗಿದೆ. ಅವತ್ತು ಎಷ್ಟು ಜನರ ಜಾಗದಲ್ಲಿ ಕೊಕ್ಕರೆ ಬಂದು ಕೂತಿದೆಯೋ, ಇವತ್ತಿಗೂ ಲೆಕ್ಕ ಸಿಕ್ಕಿಲ್ಲ.

ಡಿವಿಡಿ ಹುಡುಕಿದೆ. ಆ ವರ್ಷದ್ದು ಒಂದಿತ್ತು. ಓದಲು ಹೋಗಿ ಡ್ರೈವ್ ಅರ್ಧ ಗಂಟೆ ಗೊಣಗಿ ಸುಮ್ಮನಾಯಿತು. ಕ್ಯಾಮೆರಾ ಎಲ್ಲವನ್ನೂ ಬರೆದುಕೊಂಡಿತ್ತು, ನಿಜ. ಫೈಲಿನೊಳಗೇ ಬರೆದುಕೊಂಡಿತ್ತು. ಫೈಲ್ ಹೋದಾಗ ಬರೆದದ್ದೂ ಜೊತೆಗೆ ಹೋಯಿತು. ಗೌಡ್ರು ನಕ್ಕಿದ್ದರು ಅನ್ನುವುದಕ್ಕೆ ಉಳಿದಿರುವ ಸಾಕ್ಷಿ ಬಾಲ್ ಪೆನ್ನಿನಲ್ಲಿ ಬರೆದ ಆ ಒಂದು ಸಾಲು ಮಾತ್ರ.

ಸಂಜೆಯಾಗುತ್ತಿತ್ತು. ಎರಡನೇ ಪುಸ್ತಕ ತೆಗೆದೆ. "ರೋಲ್ 61, 14: ಆಲೆಮನೆ, ಗೌಡ್ರು, ಕೊಪ್ಪರಿಗೆ ಪಕ್ಕ, 1/125, 5.6, ಆವಿ." ಬೀರುವಿನ ಕೆಳಗಿನ ಅರೆಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ. ಅದರೊಳಗೆ ಟ್ರೇಸಿಂಗ್ ಪೇಪರಿನ ಚೀಲಗಳು, ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ನಂಬರ್. 61 ಸಿಕ್ಕಿತು. ಆರಾರು ಫೋಟೊದ ಆರು ಪಟ್ಟಿ. ಮೂರನೇ ಪಟ್ಟಿಯ ಎರಡನೆಯದು. ಕಿಟಕಿಗೆ ಹಿಡಿದೆ. ಮುಖ ಕಪ್ಪು, ಮೀಸೆ ಬಿಳಿ, ಆವಿ ಇದ್ದಿಲಿನಂತೆ. ಆದರೂ ಗೌಡ್ರೇ. ಒಂದು ಮೂಲೆಯಲ್ಲಿ ಫಂಗಸ್ ಎಳೆ ಬಿಟ್ಟಿತ್ತು, ಮುಖಕ್ಕೆ ಬಂದಿರಲಿಲ್ಲ. ಆ ಡಬ್ಬಿಯನ್ನು ನಾನು ಹತ್ತು ವರ್ಷದಿಂದ ಮುಟ್ಟಿರಲಿಲ್ಲ. ಮೂರು ಮನೆ ಬದಲಾಯಿಸಿದ್ದೇನೆ.

ನೆಗೆಟಿವ್‌ನಿಂದ ಪ್ರಿಂಟ್ ಮಾಡುವ ಎನ್‌ಲಾರ್ಜರ್ ಎಂದೋ ಮಾರಿಯಾಗಿದೆ. ಹಾಗಾಗಿ ನೆಗೆಟಿವ್‌ನದೇ ಫೋಟೊ ತೆಗೆಯಬೇಕು. ಫೋನಿನ ಪರದೆಯನ್ನು ಬೆಳ್ಳಗೆ ಮಾಡಿ, ಚುಕ್ಕಿ ಕಾಣದಂತೆ ಮೇಲೆ ಸ್ವಲ್ಪ ಎತ್ತರದಲ್ಲಿ ಬಟರ್ ಪೇಪರ್ ಇಟ್ಟು, ಅದರ ಮೇಲೆ ನೆಗೆಟಿವ್. ಝಡ್50ಗೆ ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್ ನನ್ನ ಹತ್ತಿರ ಇಲ್ಲ. ಆದರೆ ಈ ಹೊಸ ಕ್ಯಾಮೆರಾಗಳಲ್ಲಿ ಕನ್ನಡಿ ಇಲ್ಲ, ಲೆನ್ಸಿಗೂ ಸೆನ್ಸರಿಗೂ ನಡುವೆ 16 ಮಿಲಿಮೀಟರ್ ಅಷ್ಟೇ. ರಿಂಗ್ ಹಾಕಿದರೆ ಯಾವ ಹಳೇ ಲೆನ್ಸೂ ಕೂರುತ್ತದೆ. ಹೀಲಿಯೋಸ್ ತೆಗೆದೆ. ಲೆನ್ಸನ್ನು ಮುಂದಕ್ಕೆ ತಳ್ಳಿ ಹತ್ತಿರದ್ದನ್ನು ದೊಡ್ಡದಾಗಿ ತೋರಿಸುವ ಎಕ್ಸ್‌ಟೆನ್ಷನ್ ಟ್ಯೂಬ್ ಕೂಡ ಮಾವ ಝೆನಿಟ್ ಜೊತೆ ಕೊಟ್ಟದ್ದು ಇತ್ತು, ಹೂವಿನ ಫೋಟೊಗೆ ಅಂತ. 28 ಮಿಲಿಮೀಟರಿನದು, 7ರದ್ದು, ಎರಡನ್ನೂ ತಿರುಪಿದೆ. ಅಪರ್ಚರ್ 8. ಈ ಸಲ ರಿಂಗ್ ಮುಚ್ಚುವುದು ಮರೆಯಲಿಲ್ಲ. ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿದ ಕೂಡಲೇ ಗೌಡ್ರು ಬಂದರು. ನಲವತ್ತೈದರ ಆಸುಪಾಸು. ತಲೆಗೆ ಟವಲು, ಹಿಂದೆ ಆವಿ, ಎದೆ ಸೆಟೆಸಿಕೊಂಡು ನಿಂತಿದ್ದಾರೆ. ನಗುತ್ತಿಲ್ಲ.

ಮಗನಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. ಕೊಕ್ಕರೆ ವಿಷಯವನ್ನೂ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಓಗ್ಲಿ ಬುಡಣ್ಣ, ಇದ್ದುದ್ನೇ ಕಳ್ಸು" ಅಂದ.

ಫ್ಲೆಕ್ಸಿಗೆ ಫೈಲ್ ಕಳಿಸಿದೆ. ಒಂದು ದೊಡ್ಡ ಪ್ರಿಂಟನ್ನೂ ಹಾಕಿಸಿ, ಫ್ರೇಮ್ ಕಟ್ಟಿಸಿ, ಹನ್ನೊಂದನೇ ದಿನ ನಾನೇ ತಗೊಂಡು ಹೋದೆ. ಆಲೆಮನೆ ಈಗ ಇಲ್ಲ. ಅದಿದ್ದ ಜಾಗದಲ್ಲಿ ಶಾಮಿಯಾನ ಹಾಕಿದ್ದರು. ಮೊಮ್ಮಕ್ಕಳು ಫೋಟೊ ನೋಡಿ "ಇದ್ಯಾರು?" ಅಂದವು. ಅವಕ್ಕೆ ಗೊತ್ತಿದ್ದದ್ದು ಬೆಳ್ಳಗಾದ ತಾತ.

ಗೌಡ್ರ ಹೆಂಡತಿ ಜಗುಲಿಯಲ್ಲಿ ಕೂತಿದ್ದರು. ಫ್ರೇಮನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಲ್ಲಿ ಗಾಜು ಒರೆಸಿದರು. ಮುಖವನ್ನು ಬಹಳ ಹೊತ್ತು ನೋಡಲಿಲ್ಲ. ಬೆರಳು ಕೊಪ್ಪರಿಗೆ ಮೇಲೆ ಹೋಯಿತು. "ಇದ್ನ ಮಾರಿ ಇವ್ನ ಕಾಲೇಜ್ ಫೀಜು ಕಟ್ಟುದ್ವು" ಅಂದರು. ಆಮೇಲೆ ಬೆರಳು ನಿಧಾನವಾಗಿ ಗೌಡ್ರ ಬಲಗೈ ಹತ್ತಿರ ಬಂತು. ಆ ಕೈ ಬೆನ್ನ ಹಿಂದೆ ಇದೆ. ನಾನು ಇಪ್ಪತ್ತೆಂಟು ವರ್ಷ ಅದನ್ನು ಗತ್ತು ಅಂದುಕೊಂಡಿದ್ದೆ. ನಾಲ್ಕು ಜನಕ್ಕೆ ಹಾಗೇ ಹೇಳಿಯೂ ಇದ್ದೆ, ನೋಡಿ ಹೇಗೆ ನಿಂತಿದ್ದಾರೆ ಅಂತ.

"ಬೀಡಿ ಇಟ್ಕಂಡವ್ರೆ ಕಣಪ್ಪ ಹಿಂದ್ಗಡೆ" ಅಂದರು. "ನಾನು ಆ ಕಡೇಲಿ ನಿಂತಿದ್ನಲ್ಲ. ಬುಟ್ಟಿವ್ನಿ ಅಂತ ನಂಗೆ ಆಣೆ ಮಾಡಿದ್ರು ಆ ವರ್ಸ."

ಪಕ್ಕದಲ್ಲಿದ್ದ ಹೆಂಗಸರು ನಕ್ಕರು. ಅವರೂ ನಕ್ಕು, ಮತ್ತೆ ಸೆರಗು ಕಣ್ಣಿಗೆ ಒತ್ತಿಕೊಂಡರು.

ಫೋಟೊವನ್ನು ಇನ್ನೊಂದು ಸಲ ನೋಡಿದೆ. ಬೆನ್ನ ಹಿಂದಿನಿಂದ ಮೇಲೇಳುತ್ತಿರುವ ತೆಳ್ಳನೆಯ ಒಂದು ಎಳೆ, ಕೊಪ್ಪರಿಗೆಯ ಆವಿಗಿಂತ ಸ್ವಲ್ಪ ಬೇರೆ ದಾರಿಯಲ್ಲಿ ಹೋಗುತ್ತಿತ್ತು.

ರಾತ್ರಿ ಮೈಸೂರಿಗೆ ಬಂದು ಎರಡನೇ ಪುಸ್ತಕ ತೆಗೆದೆ. ರೋಲ್ 61, ಸಾಲು 14. "ಆವಿ" ಅಂತ ಬರೆದದ್ದರ ಮುಂದೆ ಸ್ವಲ್ಪ ಜಾಗ ಇತ್ತು. "ಮತ್ತು ಬೀಡಿ" ಅಂತ ಸೇರಿಸಿದೆ.